ತಗಡಿನ ಬೇಲಿಯೊಳಗಿನ ಹಾಡು

ರಾತ್ರಿ ಹನ್ನೊಂದಾಗಿದೆ. ಬೀದಿಯಲ್ಲಿ ಇನ್ನೂ ಜನರಿಲ್ಲ, ಸ್ಪೀಕರ್‌ಗಳು ಮಾತ್ರ ಸಂಜೆಯೇ ಬಂದು ನಿಂತಿವೆ. ಒಂದೊಂದೂ ಬಟ್ಟೆಯ ಬೀರುವಿನಷ್ಟು ದೊಡ್ಡದು. ಒಂದರ ಮೇಲೊಂದು ಪೇರಿಸಿ ಬೀದಿಯ ಈ ತುದಿಗೊಂದು, ಆ ತುದಿಗೊಂದು ಗೋಡೆ ಎಬ್ಬಿಸಿದ್ದಾರೆ. ಪಕ್ಕದಲ್ಲಿ ತುಕ್ಕು ಹಿಡಿದ ತಗಡಿನ ಬೇಲಿ. ಉದ್ದಕ್ಕೆ ಸೀಳಿದ ಎಣ್ಣೆ ಡ್ರಮ್ಮಿನಲ್ಲಿ ಕೆಂಡ ನಿಗಿನಿಗಿ ಉರಿಯುತ್ತಿದೆ, ಮೇಲೆ ಖಾರ ಮೆತ್ತಿದ ಕೋಳಿ ಬೇಯುತ್ತಿದೆ. ಕಡಲೆಕಾಯಿ ಗಾಡಿಯ ಹಬೆಕೊಳವೆ ಒಂದೇ ಸಮ ಸೀಟಿ ಊದುತ್ತಿದೆ. ಯಂತ್ರದ ಮುಂದೆ ನಿಂತವನು ಎಲ್ಲ ಸರಿ ಇದೆಯೇ ಎಂದು ನೋಡಲು ಹಾಡಿನ ಒಂದು ತುಣುಕು ಹಾಕುತ್ತಾನೆ. ತಗಡು ಗಡಗಡ ನಡುಗುತ್ತದೆ. ಹತ್ತಿರ ನಿಂತಿದ್ದರೆ ಕಿವಿಗಿಂತ ಮೊದಲು ಎದೆಗೂಡಿಗೆ ಗೊತ್ತಾಗುತ್ತದೆ.

ಹನ್ನೆರಡು ದಾಟಿದ ಮೇಲೆ ಜನ ಬರತೊಡಗುತ್ತಾರೆ. ಮನೆಯಿಂದ ಎದ್ದು ಬಂದಂತೆ ಯಾರೂ ಬರುವುದಿಲ್ಲ. ಮಿರಿಮಿರಿ ಮಿಂಚುವ ಬಟ್ಟೆ, ಹಸಿರೋ ನೇರಳೆಯೋ ಬಣ್ಣದ ವಿಗ್ಗು, ಡಬ್ಬಿಯಿಂದ ಆಗಷ್ಟೇ ತೆಗೆದಂಥ ಶೂ. ಎರಡು ಗಂಟೆಯ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನ ಬಡವರ ಕೇರಿಗಳಲ್ಲಿ ಇದಕ್ಕೆ ‘ಡ್ಯಾನ್ಸ್‌ಹಾಲ್’ ಎನ್ನುತ್ತಾರೆ. ಹಾಲ್ ಎಂಬ ಹೆಸರನ್ನು ನಂಬಿ ಹೋದವರಿಗೆ ಅಲ್ಲಿ ಸೂರು ಕಾಣುವುದಿಲ್ಲ, ನುಣುಪು ನೆಲವೂ ಕಾಣುವುದಿಲ್ಲ. ಮೇಲೆ ಆಕಾಶ, ಕೆಳಗೆ ಡಾಂಬರು.

ನಮಗೆ ಇದು ತೀರಾ ಅಪರಿಚಿತವೇನಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉಸೇನ್ ಬೋಲ್ಟ್ ನೂರು ಮೀಟರನ್ನು 9.69 ಸೆಕೆಂಡಿನಲ್ಲಿ ಓಡಿದ್ದನ್ನು ನೋಡಿದವರು ಆಮೇಲೆ ಅವರು ಟ್ರ್ಯಾಕಿನ ಮೇಲೆ ಹಾಕಿದ ಹೆಜ್ಜೆಗಳನ್ನೂ ನೋಡಿದ್ದೇವೆ. ಗೆದ್ದ ಖುಷಿಗೆ ಏನೋ ಕುಣಿದರು ಅಂದುಕೊಂಡೆವು. ಅದು ‘ಏನೋ’ ಆಗಿರಲಿಲ್ಲ. ಆ ವರ್ಷ ಕಿಂಗ್‌ಸ್ಟನ್‌ನ ಬೀದಿಗಳಲ್ಲಿ ಚಾಲ್ತಿಯಲ್ಲಿದ್ದ, ಒಂದೊಂದಕ್ಕೂ ಹೆಸರಿದ್ದ ಡ್ಯಾನ್ಸ್‌ಹಾಲ್ ಹೆಜ್ಜೆಗಳು ಅವು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2013ರ ಏಪ್ರಿಲ್ 23ರಂದು ಔಟಾಗದೆ 175 ರನ್ ಚಚ್ಚಿದ ಕ್ರಿಸ್ ಗೇಲ್ ಕೂಡ ಕಿಂಗ್‌ಸ್ಟನ್‌ನವರೇ. ಅವರು ಡ್ಯಾನ್ಸ್‌ಹಾಲ್ ಹಾಡುಗಳನ್ನು ಹಾಡಿ ಬಿಡುಗಡೆ ಮಾಡಿದ್ದಾರೆ; 2021ರಲ್ಲಿ ಮುಂಬೈನ ರ್‍ಯಾಪರ್ ಎಮಿವೇ ಬಂಟಾಯ್ ಜೊತೆಗೂ ಒಂದು ಹಾಡಿದರು. ಅದಕ್ಕೂ ಹಿಂದಿನ ತಲೆಮಾರಿನ ಕನ್ನಡಿಗರಿಗೆ ಕಿಂಗ್‌ಸ್ಟನ್ ಅಂದರೆ ಸಬೀನಾ ಪಾರ್ಕ್ ಕ್ರಿಕೆಟ್ ಮೈದಾನ, 1976, ವೇಗಿ ಹೋಲ್ಡಿಂಗ್ ಚೆಂಡಿಗೆ ಬೆರಳು ಮುರಿದುಕೊಂಡ ನಮ್ಮ ವಿಶ್ವನಾಥ್. ಆ ಮೈದಾನದಿಂದ ಸ್ವಲ್ಪವೇ ದೂರದಲ್ಲಿ, ಅದೇ ವರ್ಷಗಳಲ್ಲಿ, ಇನ್ನೊಂದು ಆಟವೂ ನಡೆಯುತ್ತಿತ್ತು.

ಜಗತ್ತಿನ ಹೆಚ್ಚಿನ ಸಂಗೀತಗಳಿಗೆ ರಾಗದ್ದೋ ವಾದ್ಯದ್ದೋ ತಾಳದ್ದೋ ಹೆಸರಿರುತ್ತದೆ. ಡ್ಯಾನ್ಸ್‌ಹಾಲ್‌ಗೆ ಅದನ್ನು ಕೇಳುವ ಜಾಗದ ಹೆಸರಿದೆ. ಇದು ಸುಮ್ಮನೆ ಅಂಟಿಕೊಂಡ ಹೆಸರಲ್ಲ. ಆ ಬಯಲಿನ ಖರ್ಚುವೆಚ್ಚ, ಪೈಪೋಟಿ, ಜಗಳ, ಜನರ ತಾಳ್ಮೆಗೇಡಿತನ ಇವೇ ಸೇರಿ ಹಾಡಿನ ಸ್ವರೂಪವನ್ನು ತೀರ್ಮಾನಿಸಿದವು. ಹಾಡು ಅರ್ಥವಾಗಬೇಕಾದರೆ ಮೊದಲು ಅಂಗಳ ಅರ್ಥವಾಗಬೇಕು.

ಬ್ಯಾಂಡಿನ ಬದಲು ಪೆಟ್ಟಿಗೆ

ಜಮೈಕಾ ವಿಸ್ತೀರ್ಣದಲ್ಲಿ ನಮ್ಮ ಬೆಳಗಾವಿ ಜಿಲ್ಲೆಗಿಂತ ಚಿಕ್ಕದು. 1655ರಿಂದ 1962ರವರೆಗೆ ಬ್ರಿಟಿಷರ ಕೈಯಲ್ಲಿತ್ತು. ಕಬ್ಬಿನ ತೋಟಗಳಿಗೆ ಆಫ್ರಿಕಾದಿಂದ ಹಿಡಿದು ತಂದ ಜನರನ್ನು ಗುಲಾಮರಾಗಿ ದುಡಿಸಿದ ನಾಡು. ಗುಲಾಮರು ರಾತ್ರಿ ಡೋಲು ಬಾರಿಸಿ ಒಟ್ಟುಗೂಡಿದರೆ ತೋಟದ ಮಾಲೀಕರಿಗೆ ದಂಗೆಯ ಭಯ. ಹಾಗಾಗಿ ಡೋಲಿಗೂ ಕಡಿವಾಣವಿತ್ತು. ಬಡವರ ರಾತ್ರಿ ಸದ್ದಿನ ಬಗ್ಗೆ ಉಳ್ಳವರ ಸಿಟ್ಟು ಅಲ್ಲಿ ಆವತ್ತಿನಿಂದ ಇವತ್ತಿನವರೆಗೂ ಇದೆ.

1940ರ ದಶಕದಲ್ಲಿ ಕಿಂಗ್‌ಸ್ಟನ್‌ನಲ್ಲಿ ಕುಣಿಯಬೇಕೆಂದರೆ ದೊಡ್ಡ ಬ್ಯಾಂಡುಗಳಿರುವ ಹೋಟೆಲು, ಕ್ಲಬ್ಬುಗಳಿಗೆ ಹೋಗಬೇಕಿತ್ತು. ಹಳ್ಳಿ ಬಿಟ್ಟು ಪಟ್ಟಣದ ಪಶ್ಚಿಮ ಭಾಗದ ಗುಡಿಸಲುಗಳಿಗೆ ಬಂದು ತುಂಬಿಕೊಂಡಿದ್ದ ಕೂಲಿಗಳಿಗೆ ಅಲ್ಲಿ ಪ್ರವೇಶವೆಲ್ಲಿ? ಬ್ಯಾಂಡನ್ನೇ ಕೇರಿಗೆ ಕರೆಸೋಣವೆಂದರೆ ಹತ್ತು ಹನ್ನೆರಡು ಜನರಿಗೆ ಸಂಬಳ, ಊಟ, ಕುಡಿತ. ಅದೇ ಹಣದಲ್ಲಿ ಒಂದು ಆಂಪ್ಲಿಫೈಯರ್, ಒಂದು ಟರ್ನ್‌ಟೇಬಲ್, ನಾಲ್ಕು ದೊಡ್ಡ ಸ್ಪೀಕರ್ ಇಟ್ಟರೆ ರಾತ್ರಿಯೆಲ್ಲ ದಣಿವಿಲ್ಲದೆ ಹಾಡುತ್ತವೆ. ಈ ಏರ್ಪಾಡಿಗೆ ಜಮೈಕಾದವರು ಇಟ್ಟ ಹೆಸರು ‘ಸೌಂಡ್ ಸಿಸ್ಟಮ್’. ಅದು ಬರೀ ಯಂತ್ರದ ಹೆಸರಲ್ಲ. ಯಂತ್ರ, ಅದರ ಮಾಲೀಕ, ಹಾಡು ಆರಿಸುವವ, ಮೈಕ್ ಹಿಡಿಯುವವ, ಪೆಟ್ಟಿಗೆ ಹೊರುವ ಹುಡುಗರು ಎಲ್ಲರೂ ಸೇರಿದ ಒಂದು ಮೇಳ.

ಮೊದಲಿಗರಲ್ಲಿ ಹೆಸರು ಮಾಡಿದ್ದು ಟಾಮ್ ವಾಂಗ್ ಎಂಬ ಚೀನೀ ಮೂಲದ ಹಾರ್ಡ್‌ವೇರ್ ವ್ಯಾಪಾರಿ. ಆಮೇಲೆ ಬಂದವರು ಇಬ್ಬರು ಜಟ್ಟಿಗಳು. ಪೊಲೀಸ್ ಕೆಲಸ ಬಿಟ್ಟು ಹೆಂಡತಿಯೊಡನೆ ಮದ್ಯದಂಗಡಿ ನಡೆಸುತ್ತಿದ್ದ ಡ್ಯೂಕ್ ರೀಡ್ ಒಬ್ಬರು. ಕ್ಲೆಮೆಂಟ್ ‘ಕಾಕ್ಸನ್’ ಡಾಡ್ ಇನ್ನೊಬ್ಬರು; ಇವರ ಮನೆಯವರದೂ ಮದ್ಯದ ವ್ಯಾಪಾರವೇ. ಇದು ಆಕಸ್ಮಿಕವಲ್ಲ. ಸಂಗೀತ ಇದ್ದಲ್ಲಿ ಜನ, ಜನ ಇದ್ದಲ್ಲಿ ಬಾಯಾರಿಕೆ. ಪ್ರವೇಶದ ಹಣಕ್ಕಿಂತ ಬಾಟಲಿಯ ಹಣವೇ ಹೆಚ್ಚು. ಫಾರೆಸ್ಟರ್ಸ್ ಹಾಲ್‌ನಂಥ ಸೂರಿದ್ದ ಕಟ್ಟಡಗಳೂ ಇದ್ದವು. ಆದರೆ ಹೆಚ್ಚಿನವು ಬೇಲಿ ಸುತ್ತಿದ ಖಾಲಿ ನಿವೇಶನಗಳು. ಅವನ್ನು ‘ಲಾನ್’ ಎಂದು ಕರೆದರು. ಹುಲ್ಲು ಇರಲಿಲ್ಲ ಎಂಬುದು ಬೇರೆ ಮಾತು.

ಆ ಅಂಗಳದ ಊಟದಲ್ಲಿ ನಮ್ಮ ದೇಶದ್ದೊಂದು ಪಾಲಿದೆ. ಡ್ಯಾನ್ಸ್ ಎಂದರೆ ರಮ್ಮು ಮತ್ತು ‘ಕರಿ ಗೋಟ್’, ಅಂದರೆ ಮಸಾಲೆ ಹಾಕಿ ಬೇಯಿಸಿದ ಮೇಕೆ ಮಾಂಸ. ಗುಲಾಮಗಿರಿ ರದ್ದಾದ ಮೇಲೆ 1845ರಿಂದ ಕಬ್ಬಿನ ಗದ್ದೆಗಳಿಗೆ ಭಾರತದಿಂದ ಕರಾರು ಕೂಲಿಗಳನ್ನು ಹಡಗಿನಲ್ಲಿ ಒಯ್ದರು. ಒಟ್ಟು ಸುಮಾರು 36,000 ಜನ. ಅವರು ಒಯ್ದ ಅರಿಶಿನ, ಕೊತ್ತಂಬರಿಯ ಸಾರು ಇಡೀ ದ್ವೀಪದ ಹಬ್ಬದೂಟವಾಯಿತು. ಅವರೊಡನೆ ಹೋದ ಇನ್ನೊಂದು ಗಿಡ ಗಾಂಜಾ. ಅಲ್ಲಿ ಇವತ್ತಿಗೂ ಅದರ ಹೆಸರು ಗಾಂಜಾ ಎಂದೇ.

ಹೆಸರು ಕೆರೆದ ರೆಕಾರ್ಡು

ಮೊದಲಿಗೆ ಹಾಕುತ್ತಿದ್ದದ್ದು ಅಮೆರಿಕದ ಕಪ್ಪು ಜನರ ರಿದಮ್ ಅಂಡ್ ಬ್ಲೂಸ್ ರೆಕಾರ್ಡುಗಳು. ಯಾರ ಬಳಿ ಯಾರಲ್ಲೂ ಇಲ್ಲದ ಹಾಡಿದೆಯೋ ಅವರ ಅಂಗಳ ತುಂಬುತ್ತಿತ್ತು. ಹಾಗಾಗಿ ಮಾಲೀಕರು ಅಮೆರಿಕಕ್ಕೆ ಹೋಗಿ ಅಂಗಡಿ ಅಂಗಡಿ ಹುಡುಕಿ ರೆಕಾರ್ಡು ತರುತ್ತಿದ್ದರು. ತಂದ ಕೂಡಲೇ ಮಾಡುತ್ತಿದ್ದ ಕೆಲಸವೆಂದರೆ ನಡುವಿನ ಲೇಬಲ್ ಕೆರೆದು ಹಾಕುವುದು. ಹಾಡು ಯಾರದ್ದು ಎಂದು ಎದುರಾಳಿಯ ಬೇಹುಗಾರನಿಗೆ ತಿಳಿಯಬಾರದಲ್ಲ!

ವಿಲಿಸ್ ಜಾಕ್ಸನ್ ಎಂಬ ಸ್ಯಾಕ್ಸೊಫೋನ್ ವಾದಕರ ಒಂದು ರೆಕಾರ್ಡಿಗೆ ಡಾಡ್ ಹೀಗೆಯೇ ಹೆಸರು ಅಳಿಸಿ ತಮ್ಮದೇ ಹೆಸರಿಟ್ಟು, ‘ಕಾಕ್ಸನ್ ಹಾಪ್’ ಎಂದು ಮೆರೆಸಿದರು. ಡ್ಯೂಕ್ ರೀಡ್‌ಗೆ ನಿದ್ದೆ ಹಾರಿತು. ಬಹುಕಾಲ ಹುಡುಕಿ ಕೊನೆಗೊಂದು ಪ್ರತಿ ಹಿಡಿದು ತಂದ ರೀಡ್, ಒಂದು ರಾತ್ರಿ ತಮ್ಮ ಅಂಗಳದಲ್ಲಿ ಅದನ್ನು ಹಾಕಿದಾಗ ಕೇಳಿಸಿಕೊಂಡ ಡಾಡ್ ಮೂರ್ಛೆ ಹೋದರಂತೆ. ಕಿಂಗ್‌ಸ್ಟನ್‌ನ ಹಳಬರು ಹೇಳುವ ಕಥೆ ಇದು. ಉಪ್ಪು ಖಾರ ಎಷ್ಟು ಸೇರಿದೆಯೋ. ಆದರೆ ರೀಡ್ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡೇ ಡ್ಯಾನ್ಸ್‌ಗೆ ಬರುತ್ತಿದ್ದರು ಎಂಬುದಕ್ಕೆ ಸಾಕ್ಷಿ ಹೇಳಿದವರು ಬಹಳ ಮಂದಿ.

1950ರ ದಶಕದ ಕೊನೆಗೆ ಅಮೆರಿಕದ ರುಚಿ ಬದಲಾಗಿ ರಾಕ್ ಅಂಡ್ ರೋಲ್ ಕಡೆ ವಾಲಿತು. ಕಿಂಗ್‌ಸ್ಟನ್‌ಗೆ ಬೇಕಾದ ಮಾದರಿಯ ಹಾಡು ಬರುವುದು ನಿಂತಿತು. ಮಾಲೀಕರು ಅನ್ಯಮಾರ್ಗವಿಲ್ಲದೆ ಸ್ಥಳೀಯ ವಾದ್ಯಗಾರರನ್ನು ಕೂಡಿಸಿ ತಾವೇ ಧ್ವನಿಮುದ್ರಿಸತೊಡಗಿದರು. ಮಾರಾಟಕ್ಕಲ್ಲ, ಶನಿವಾರ ರಾತ್ರಿಯ ಅಂಗಳಕ್ಕೆ. ಅದರಿಂದ ಹುಟ್ಟಿದ್ದು ಸ್ಕಾ, 1966ರ ಹೊತ್ತಿಗೆ ರಾಕ್‌ಸ್ಟೆಡಿ, 1968ರ ಹೊತ್ತಿಗೆ ರೆಗ್ಗೆ. ಡಾಡ್ 1963ರಲ್ಲಿ ತೆರೆದ ‘ಸ್ಟುಡಿಯೊ ಒನ್’ನಲ್ಲೇ ಬಾಬ್ ಮಾರ್ಲಿ ಮತ್ತು ಗೆಳೆಯರು ಮೊದಲ ಹೆಸರು ಮಾಡಿದ್ದು. ಜಗತ್ತು ಕೊಂಡಾಡುವ ರೆಗ್ಗೆಯೂ ಒಂದರ್ಥದಲ್ಲಿ ಬಾಟಲಿ ಮಾರುವವರ ತುರ್ತಿನಿಂದ ಬಂದದ್ದು.

ಮಟ್ಟು ಒಂದೇ, ಮಾತು ನೂರು

ಇಲ್ಲೊಂದು ಗೊಂದಲ ಬಿಡಿಸಿಕೊಳ್ಳಬೇಕು. ನಮ್ಮಲ್ಲಿ ಡಿಜೆ ಎಂದರೆ ಹಾಡು ಹಾಕುವವನು. ಗಣೇಶನ ಮೆರವಣಿಗೆಯಲ್ಲಂತೂ ಆ ಪೆಟ್ಟಿಗೆಗಳಿಗೇ ಡಿಜೆ ಎಂದು ಹೆಸರು. ಜಮೈಕಾದಲ್ಲಿ ಹಾಡು ಹಾಕುವವನು ‘ಸೆಲೆಕ್ಟರ್’. ‘ಡೀಜೆ’ ಎಂದರೆ ಮೈಕ್ ಹಿಡಿದು ಆ ಸಂಗೀತದ ಮೇಲೆ ತಾಳಬದ್ಧವಾಗಿ ಮಾತಾಡುವವನು. 1950ರ ದಶಕದಲ್ಲಿ ಕೌಂಟ್ ಮಚುಕಿ ಎಂಬವರು ಅಮೆರಿಕದ ರೇಡಿಯೊ ನಿರೂಪಕರ ಚುರುಕು ಮಾತಿನ ಧಾಟಿ ಹಿಡಿದು, ಹಾಡಿನ ಮಧ್ಯೆ ಚಟಾಕಿ, ಪ್ರಾಸ, ಕೂಗು ಸೇರಿಸಲು ಆರಂಭಿಸಿದರು. ರೆಕಾರ್ಡು ಬದಲಾಯಿಸುವ ನಡುವಿನ ಮೌನ ತುಂಬಲು ಬಂದ ಮಾತು ಅದು. ಕ್ರಮೇಣ ಜನ ಮಾತಿಗಾಗಿಯೇ ಬರತೊಡಗಿದರು.

ಆದರೆ ಹಾಡುಗಾರನ ದನಿ ಅಡ್ಡವಿರುವಾಗ ಮಾತುಗಾರ ಎಷ್ಟು ಮಾತಾಡಿಯಾನು? ದಾರಿ ತೆರೆದದ್ದು ಒಂದು ತಪ್ಪು ಎನ್ನುತ್ತಾರೆ. 1967ರ ಸುಮಾರಿಗೆ ಸ್ಪ್ಯಾನಿಷ್ ಟೌನ್‌ನ ರಡ್ಡಿ ರೆಡ್‌ವುಡ್ ಎಂಬ ಸೌಂಡ್ ಮಾಲೀಕರಿಗೆ ರೆಕಾರ್ಡು ಕೊರೆದುಕೊಡುವಾಗ ಎಂಜಿನಿಯರ್ ಗಾಯನದ ಭಾಗ ಸೇರಿಸಲು ಮರೆತರು. ರೆಡ್‌ವುಡ್ ಅದನ್ನೇ ಒಯ್ದು ಹಾಕಿದರು. ಜನ ತಾವೇ ಹಾಡಿಕೊಂಡರು. ಅಲ್ಲಿಂದ ಮುಂದೆ ರೆಕಾರ್ಡಿನ ಒಂದು ಬದಿಗೆ ಹಾಡು, ಇನ್ನೊಂದು ಬದಿಗೆ ದನಿಯಿಲ್ಲದ ‘ವರ್ಷನ್’. ರೇಡಿಯೊ ರಿಪೇರಿ ಮಾಡುತ್ತಿದ್ದ ಕಿಂಗ್ ಟಬ್ಬಿ ಆ ವರ್ಷನ್ನಿನಲ್ಲಿ ಒಂದು ವಾದ್ಯ ತೆಗೆದು, ಇನ್ನೊಂದನ್ನು ಪ್ರತಿಧ್ವನಿಯಲ್ಲಿ ಮುಳುಗಿಸಿ ‘ಡಬ್’ ಎಂಬ ಬೇರೆಯೇ ಕಲೆ ಮಾಡಿದರು. ಅವರದೇ ಸೌಂಡ್‌ನಲ್ಲಿ ಮೈಕ್ ಹಿಡಿದ ಯು-ರಾಯ್, ಹಳೆಯ ರಾಕ್‌ಸ್ಟೆಡಿ ಹಾಡುಗಳ ಮೇಲೆ ಮಾತಾಡಿದ ರೆಕಾರ್ಡುಗಳು 1970ರಲ್ಲಿ ಜಮೈಕಾದ ಪಟ್ಟಿಯ ಮೊದಲ ಮೂರು ಸ್ಥಾನಗಳನ್ನು ಒಟ್ಟಿಗೇ ಹಿಡಿದವು.

ಈ ದನಿಯಿಲ್ಲದ ಹಂದರಕ್ಕೆ ಅಲ್ಲಿಯ ಮಾತು ‘ರಿಡಿಮ್’. ಇಂಗ್ಲಿಷಿನ ರಿದಮ್ಮೇ, ಆದರೆ ಅರ್ಥ ಬೇರೆ. ಕನ್ನಡದಲ್ಲಿ ಇದಕ್ಕೆ ಹೊಸ ಪದ ಹುಡುಕಬೇಕಿಲ್ಲ, ನಮ್ಮಲ್ಲಿ ‘ಮಟ್ಟು’ ಇದೆ. ಇಂಥ ಹಾಡಿನ ಮಟ್ಟಿನಲ್ಲಿ ಎಂದು ಮೇಲೆ ಬರೆದು ಕೆಳಗೆ ಹೊಸ ಸಾಹಿತ್ಯ ಕೊಡುವುದು ನಮ್ಮ ರಂಗಗೀತೆ, ಲಾವಣಿಗಳ ರೂಢಿ. ಜಮೈಕಾದ ರಿಡಿಮ್ ಅದೇ. ಒಬ್ಬ ಒಂದು ಮಟ್ಟು ಕಟ್ಟುತ್ತಾನೆ, ಅದಕ್ಕೊಂದು ಹೆಸರು ಬೀಳುತ್ತದೆ. ಹತ್ತಾರು ಹಾಡುಗಾರರು ಅದರ ಮೇಲೆ ಹಾಡುತ್ತಾರೆ. ಅಂಗಳದಲ್ಲಿ ಸೆಲೆಕ್ಟರ್ ಒಂದೇ ರಿಡಿಮ್ಮಿನ ಎಂಟು ಹತ್ತು ಹಾಡುಗಳನ್ನು ಒಂದರ ಬಾಲಕ್ಕೊಂದು ಪೋಣಿಸುತ್ತಾನೆ. ಕುಣಿಯುವವರ ಕಾಲು ತಪ್ಪುವುದಿಲ್ಲ, ಕಿವಿಗೆ ಮಾತ್ರ ಹೊಸತು.

ಕೃತಿಸ್ವಾಮ್ಯದ ಕಾನೂನಿಗೆ ಇದು ತಲೆನೋವು. ಮಟ್ಟು ಯಾರದ್ದು, ಮಾತು ಯಾರದ್ದು, ಹಣ ಯಾರಿಗೆ? ಹಳೆಯ ‘ಸ್ಟಾಲಗ್’ ರಿಡಿಮ್ಮಿನ ಮೇಲೆ ಸಿಸ್ಟರ್ ನ್ಯಾನ್ಸಿ 1982ರಲ್ಲಿ ಹಾಡಿದ ‘ಬಾಮ್ ಬಾಮ್’ ಲೋಕಪ್ರಸಿದ್ಧವಾಯಿತು. ಸಿನಿಮಾಗಳು, ಜಾಹೀರಾತುಗಳು, ಜೇ-ಝೀ ಅವರಂಥ ದೊಡ್ಡ ರ್‍ಯಾಪರ್‌ಗಳು ಅದನ್ನು ಬಳಸಿಕೊಂಡರು. ನ್ಯಾನ್ಸಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಬ್ಯಾಂಕ್ ನೌಕರಿ ಮಾಡಿಕೊಂಡಿದ್ದರು. ಸುಮಾರು ಮೂರು ದಶಕ ಆ ಹಾಡಿನಿಂದ ಅವರಿಗೆ ಬಿಡಿಗಾಸೂ ಬರಲಿಲ್ಲ.

ಮಾರ್ಲಿ ಹೋದ ಮೇಲೆ

ಅಂಗಳ ಹಳೆಯದು, ‘ಡ್ಯಾನ್ಸ್‌ಹಾಲ್’ ಎಂಬುದು ಒಂದು ಸಂಗೀತ ಶೈಲಿಯ ಹೆಸರಾದದ್ದು 1970ರ ದಶಕದ ಕೊನೆ, 80ರ ಆರಂಭದಲ್ಲಿ. ಅಷ್ಟರಲ್ಲಿ ರೆಗ್ಗೆ ಹೊರದೇಶದ ಸೊತ್ತಾಗಿತ್ತು. ಮಾರ್ಲಿ ಆಫ್ರಿಕಾ, ವಿಮೋಚನೆ, ದೇವರ ಬಗ್ಗೆ ಹಾಡುತ್ತ ಯುರೋಪಿನ ಕ್ರೀಡಾಂಗಣಗಳನ್ನು ತುಂಬಿಸುತ್ತಿದ್ದರು. 1981ರ ಮೇ 11ರಂದು ತೀರಿಕೊಂಡರು. ಕೇರಿಯಲ್ಲಿ ಉಳಿದವರಿಗೆ ಆ ಹೊತ್ತಿನ ಜರೂರು ಬೇರೆಯಿತ್ತು.

1980ರ ಚುನಾವಣೆಯ ವರ್ಷ ಜಮೈಕಾದಲ್ಲಿ ರಾಜಕೀಯ ಹಿಂಸೆಗೆ ಸುಮಾರು 800 ಜನ ಸತ್ತರು. ಕೇರಿಗಳು ಪಕ್ಷಗಳ ಕೋಟೆಗಳಾಗಿದ್ದವು. ಈ ಬೀದಿ ಇವರದು, ಆ ಬೀದಿ ಅವರದು, ನಡುವೆ ಬಂದೂಕು. ಸಮಾಜವಾದಿ ಮಾತಾಡುತ್ತಿದ್ದ ಮೈಕೆಲ್ ಮ್ಯಾನ್ಲಿ ಸೋತು ಎಡ್ವರ್ಡ್ ಸಿಯಾಗ ಪ್ರಧಾನಿಯಾದರು. ವಿಚಿತ್ರವೆಂದರೆ ಈ ಸಿಯಾಗ ರಾಜಕೀಯಕ್ಕೆ ಬರುವ ಮೊದಲು ರೆಕಾರ್ಡ್ ಕಂಪನಿ ಕಟ್ಟಿ ಹಾಡು ತಯಾರಿಸುತ್ತಿದ್ದವರು. ಅಲ್ಲಿ ಹಾಡಿನ ಅಂಗಳ ಮತ್ತು ಮತದ ಅಂಗಳ ಬೇರೆ ಬೇರೆಯಾಗಿ ಎಂದೂ ಇರಲಿಲ್ಲ.

ಇಂಥ ದಿನಗಳಲ್ಲಿ ಜನಕ್ಕೆ ವಿಮೋಚನೆಯ ಭರವಸೆಗಿಂತ ಇವತ್ತಿನ ರಾತ್ರಿ ಬೇಕಿತ್ತು. ಹೊಸ ಡೀಜೆಗಳು ಬೆಲೆಯೇರಿಕೆ, ಪೊಲೀಸು, ಪಕ್ಕದ ಮನೆ ಜಗಳ, ಹೆಣ್ಣು ಗಂಡಿನ ಸರಸ, ತಮ್ಮದೇ ಹೊಗಳಿಕೆ ಹೀಗೆ ಬಾಯಿಗೆ ಬಂದದ್ದನ್ನೆಲ್ಲ ಕೇರಿಯ ಪಾತ್ವಾ ಭಾಷೆಯಲ್ಲಿ ಉದುರಿಸಿದರು. ಪೋಲಿ ಮಾತಿಗೆ ಅಲ್ಲಿ ‘ಸ್ಲ್ಯಾಕ್‌ನೆಸ್’ ಎನ್ನುತ್ತಾರೆ. ಅದರಲ್ಲಿ ಎತ್ತಿದ ಕೈ ಯೆಲ್ಲೊಮ್ಯಾನ್. ಹುಟ್ಟಿನಿಂದ ಚರ್ಮಕ್ಕೆ ಬಣ್ಣವಿಲ್ಲದ, ಅನಾಥಾಲಯದಲ್ಲಿ ಬೆಳೆದ ಹುಡುಗ. ಜಮೈಕಾದಲ್ಲಿ ಅಂಥವರನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಆತ ಮೈಕ್ ಹಿಡಿದು ‘ನನ್ನಂಥ ಚೆಲುವ ಯಾರಿದ್ದಾರೆ’ ಎನ್ನುವ ಧಾಟಿಯಲ್ಲಿ ಬೀಗಿ, ಇಡೀ ದ್ವೀಪವನ್ನು ನಗಿಸಿ, 1980ರ ದಶಕದ ಆರಂಭದಲ್ಲಿ ಎಲ್ಲರಿಗಿಂತ ದೊಡ್ಡ ತಾರೆಯಾದರು. ಅವರ ಪೋಲಿತನವನ್ನು ಬೈಯುವವರು ಈ ಮೊದಲ ಧೈರ್ಯವನ್ನು ಮರೆಯುತ್ತಾರೆ ಅನ್ನಿಸುತ್ತದೆ.

ಆಟಿಕೆ ಪಿಯಾನೊದ ಕ್ರಾಂತಿ

ಈ ಸಂಗೀತದ ಚರಿತ್ರೆಯನ್ನು ಎರಡು ಭಾಗ ಮಾಡುವ ದಿನಾಂಕವೊಂದಿದ್ದರೆ ಅದು 1985ರ ಫೆಬ್ರುವರಿ 23.

ಅದಕ್ಕೆ ಮೊದಲು ಜಪಾನಿಗೆ ಹೋಗಿ ಬರಬೇಕು. ಸಂಗೀತ ಓದಿದ, ಕಾಲೇಜಿನಲ್ಲಿ ರೆಗ್ಗೆಯ ಬಗ್ಗೆಯೇ ಪ್ರಬಂಧ ಬರೆದಿದ್ದ ಒಕುಡಾ ಹಿರೋಕೊ ಎಂಬ ಯುವತಿ 1980ರಲ್ಲಿ ಕ್ಯಾಸಿಯೊ ಕಂಪನಿಗೆ ಸೇರಿದರು. ಎಂಟಿ-40 ಎಂಬ ಅಗ್ಗದ ಪುಟ್ಟ ಕೀಬೋರ್ಡಿಗೆ ಗುಂಡಿ ಒತ್ತಿದರೆ ತಾನೇ ನುಡಿಯುವ ತಾಳಗಳನ್ನು ಕಟ್ಟುವುದು ಅವರಿಗೆ ಸಿಕ್ಕ ಕೆಲಸ. ಅದರಲ್ಲಿ ‘ರಾಕ್’ ಎಂದು ಬರೆದ ತಾಳಕ್ಕೆ ಅವರು ಒಂದು ಗುಡುಗುಟ್ಟುವ ಮಂದ್ರದ ಸಾಲು ಕೊಟ್ಟರು. ಯಂತ್ರ ಮಾರುಕಟ್ಟೆಗೆ ಬಂತು. ಮನೆಮಂದಿ ಕಲಿಯಲೆಂದು ಕೊಳ್ಳುವ ವಸ್ತು; ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಕಿಂಗ್‌ಸ್ಟನ್‌ನಲ್ಲಿ ನೋಯೆಲ್ ಡೇವಿ ಎಂಬವರ ಬಳಿ ಅಂಥದೊಂದು ಕೀಬೋರ್ಡ್ ಇತ್ತು. ಅವರೂ ಹಾಡುಗಾರ ವೇಯ್ನ್ ಸ್ಮಿತ್ ಅವರೂ ಗುಂಡಿಗಳನ್ನು ಒತ್ತುತ್ತ ಕೂತಿದ್ದಾಗ ಈ ‘ರಾಕ್’ ತಾಳ ಕಿವಿಗೆ ಬಿತ್ತು. ಅದನ್ನು ಹೊತ್ತು ಕಿಂಗ್ ಜಾಮಿ ಎಂಬ ನಿರ್ಮಾಪಕರ ಬಳಿ ಹೋದರು. ಜಾಮಿ ಅದರ ವೇಗವನ್ನು ರೆಗ್ಗೆಯ ನಡಿಗೆಗೆ ಇಳಿಸಿದರು. ‘ಸ್ಲೆಂಗ್ ಟೆಂಗ್’ ರಿಡಿಮ್ ಹುಟ್ಟಿತು.

ಇನ್ನು ಆ ರಾತ್ರಿ. ಎರಡು ಸೌಂಡ್ ಸಿಸ್ಟಮ್‌ಗಳು ಒಂದೇ ಬಯಲಿನಲ್ಲಿ ಎದುರುಬದುರು ನಿಂತು ಸೆಣಸುವುದಕ್ಕೆ ‘ಕ್ಲ್ಯಾಶ್’ ಎನ್ನುತ್ತಾರೆ. ಕರಾವಳಿಯವರಿಗೆ ವಿವರಿಸಬೇಕಿಲ್ಲ, ಇದು ಯಕ್ಷಗಾನದ ಜೋಡಾಟವೇ. ಅಕ್ಕಪಕ್ಕದ ಎರಡು ರಂಗಸ್ಥಳ, ಒಂದೇ ರಾತ್ರಿ, ಜನ ಎತ್ತ ವಾಲಿದರೋ ಅತ್ತ ಗೆಲುವು. ಜಮೈಕಾದಲ್ಲಿ ಇನ್ನೊಂದು ವಿಶೇಷವಿದೆ. ಹಾಡುಗಾರನಿಂದ ತನ್ನ ಸೌಂಡಿನ ಹೆಸರು ಹಾಕಿಸಿ, ಎದುರಾಳಿಯನ್ನು ಹೀಗಳೆದು ಹಾಡಿಸಿಕೊಂಡ ಒಂದೇ ಒಂದು ಪ್ರತಿಯ ‘ಡಬ್‌ಪ್ಲೇಟ್’ ಅಲ್ಲಿಯ ಬ್ರಹ್ಮಾಸ್ತ್ರ. ಹಾಡು ಹಿಡಿಸಿದರೆ ಜನ ತಗಡಿನ ಬೇಲಿಯನ್ನು ಬಡಿಯುತ್ತಾರೆ, ಕೂಗುತ್ತಾರೆ; ಆಗ ಸೆಲೆಕ್ಟರ್ ಹಾಡನ್ನು ಅರ್ಧಕ್ಕೇ ನಿಲ್ಲಿಸಿ ಮತ್ತೆ ಮೊದಲಿಂದ ಹಾಕಬೇಕು. ಹಿಡಿಸದಿದ್ದರೆ ಸುಮ್ಮನೆ ನಿಲ್ಲುತ್ತಾರೆ. ಆ ಮೌನಕ್ಕಿಂತ ದೊಡ್ಡ ಅವಮಾನವಿಲ್ಲ.

ಫೆಬ್ರುವರಿ 23ರಂದು ವಾಲ್ಥಮ್ ಪಾರ್ಕ್ ರಸ್ತೆಯಲ್ಲಿ ಜಾಮಿಯವರ ಸೌಂಡಿಗೂ ಬ್ಲ್ಯಾಕ್ ಸ್ಕಾರ್ಪಿಯೊ ಸೌಂಡಿಗೂ ಕ್ಲ್ಯಾಶ್. ಜಾಮಿ ‘ಸ್ಲೆಂಗ್ ಟೆಂಗ್’ ಹಾಕಿದರು. ಆಟ ಅಲ್ಲಿಗೇ ಮುಗಿಯಿತು. ಡ್ರಮ್ ಬಡಿಯುವವ, ಗಿಟಾರ್ ಮೀಟುವವ ಯಾರೂ ಇಲ್ಲದ ಆ ಸದ್ದಿನ ಹಿಂದೆ ಇಡೀ ದ್ವೀಪ ಬಿತ್ತು. ಮುಂದಿನ ವರ್ಷಗಳಲ್ಲಿ ಆ ಒಂದೇ ಮಟ್ಟಿನ ಮೇಲೆ ನೂರಾರು ಹಾಡುಗಳು ಬಂದವು. ಸ್ಟುಡಿಯೊಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ ಎಷ್ಟೋ ವಾದ್ಯಗಾರರ ಕೆಲಸ ಹೋಯಿತು ಎಂಬುದನ್ನೂ ಇಲ್ಲೇ ಹೇಳಬೇಕು. ಇತ್ತ, ಕೈಯಲ್ಲಿ ಕಾಸಿಲ್ಲದ ಹುಡುಗರೂ ಮನೆಯಲ್ಲೇ ಕೂತು ಸಂಗೀತ ಕಟ್ಟುವುದು ಸಾಧ್ಯವಾಯಿತು. ನನ್ನ ಎಣಿಕೆಯಲ್ಲಿ ಎರಡನೆಯದೇ ಹೆಚ್ಚು ತೂಗುತ್ತದೆ. ಕೆಲಸ ಕಳೆದುಕೊಂಡ ಡ್ರಮ್ಮರ್ ಒಪ್ಪಲಾರ.

ಕುಣಿತವೇ ಕಸುಬು

ಸಂಗೀತದ ಬಗ್ಗೆ ಬರೆಯುವವರು ಕುಣಿಯುವವರನ್ನು ಮರೆಯುವುದುಂಟು. ಅಂಗಳದಲ್ಲಿ ಅವರೇ ಮುಖ್ಯ. ಹೊಸ ಹೆಜ್ಜೆ ಕಟ್ಟುವವರಿಗೆ ಹಾಡುಗಾರರಷ್ಟೇ ಹೆಸರು. ಜೆರಾಲ್ಡ್ ‘ಬೋಗಲ್’ ಲೆವಿ 1990ರ ದಶಕದಿಂದ ಕಟ್ಟಿದ ಹೆಜ್ಜೆಗಳಿಗೆ ಹಾಡುಗಾರರು ಹಾಡು ಬರೆಯುತ್ತಿದ್ದರು; ಅಂದರೆ ಕುಣಿತ ಮೊದಲು, ಹಾಡು ಆಮೇಲೆ. 2005ರ ಜನವರಿಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. ದ್ವೀಪ ತನ್ನ ಗಾಯಕನೊಬ್ಬನಿಗೆ ಅಳುವಷ್ಟೇ ಅತ್ತಿತು.

ಹೆಂಗಸರ ಪಾಲು ಇನ್ನೂ ಕುತೂಹಲದ್ದು. ಹಾಡುಗಳ ಮಾತು ಹೆಚ್ಚಾಗಿ ಗಂಡಸರದು, ಹೆಣ್ಣನ್ನು ಮೈಯಾಗಿ ನೋಡುವುದೇ ಹೆಚ್ಚು. ಆದರೆ ಬೀದಿಯ ನಟ್ಟನಡುವೆ ವಿಡಿಯೊ ಕ್ಯಾಮೆರಾದ ಬೆಳಕು ಬೀಳುವುದು ಹೆಂಗಸರ ಮೇಲೆ. ಹಗಲಿಡೀ ಮಾರುಕಟ್ಟೆಯಲ್ಲಿ ತರಕಾರಿ ಮಾರುವವರು, ಮನೆಗೆಲಸ ಮಾಡುವವರು ರಾತ್ರಿ ತಾವೇ ಹೊಲಿಸಿದ ಉಡುಪಿನಲ್ಲಿ ರಾಣಿಯರು. ‘ಡ್ಯಾನ್ಸ್‌ಹಾಲ್ ಕ್ವೀನ್’ ಎಂಬ ಬಿರುದೇ ಇದೆ. 1992ರಲ್ಲಿ ಅದನ್ನು ಗೆದ್ದ ಕಾರ್ಲೀನ್ ಸ್ಮಿತ್ ಮನೆಮಾತಾದರು. ಇದು ಹೆಣ್ಣಿನ ಬಿಡುಗಡೆಯೋ, ಹೊಸ ಬಗೆಯ ಬಂಧನವೋ ಎಂದು ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ವಿದ್ವಾಂಸರು ಮೂರು ದಶಕಗಳಿಂದ ವಾದಿಸುತ್ತಿದ್ದಾರೆ. ಕ್ಯಾರೊಲಿನ್ ಕೂಪರ್ ಅಂಗಳದ ಪರ ನಿಂತ ಮೊದಲಿಗರು. ಅವರು ಬರೆಯತೊಡಗಿದಾಗ ಈ ವಿಷಯವನ್ನು ತರಗತಿಗೆ ತಂದದ್ದಕ್ಕೇ ಮೂಗು ಮುರಿದವರಿದ್ದರು.

ಬಂದೂಕು, ದ್ವೇಷ, ಗಡಿಯಾರ

ಈ ಸಂಗೀತವನ್ನು ಬರೀ ಮೆಚ್ಚಿ ಬರೆದರೆ ಸುಳ್ಳಾಗುತ್ತದೆ. ಬಂದೂಕಿನ ಬಡಾಯಿ ಇದರ ಒಂದು ದೊಡ್ಡ ಭಾಗ. ಇನ್ನೊಂದು, ಸಲಿಂಗಿಗಳ ಮೇಲಿನ ದ್ವೇಷ. ಬುಜು ಬಾಂಟನ್ ಹದಿಹರೆಯದಲ್ಲಿ ಹಾಡಿದ, 1992ರಲ್ಲಿ ಹೊರಗೆ ಬಂದ ಒಂದು ಹಾಡು ಸಲಿಂಗಿಗಳನ್ನು ಗುಂಡಿಟ್ಟು ಕೊಲ್ಲುವ ಮಾತಾಡಿತು. ಯುರೋಪು, ಅಮೆರಿಕಗಳಲ್ಲಿ ಪ್ರತಿಭಟನೆ ಎದ್ದಿತು, ಇಂಥ ಹಾಡುಗಾರರ ಕಾರ್ಯಕ್ರಮಗಳು ರದ್ದಾದವು. 2019ರಲ್ಲಿ ಬಾಂಟನ್ ತಾವಾಗಿ ಆ ಹಾಡನ್ನು ತಮ್ಮ ಪಟ್ಟಿಯಿಂದ ತೆಗೆದುಹಾಕಿದರು. ಅದು ಕೇರಿಯ ಮಾತು, ಹೊರಗಿನವರಿಗೆ ಅರ್ಥವಾಗುವುದಿಲ್ಲ ಎಂದು ಸಮರ್ಥಿಸಿದವರೂ ಇದ್ದರು. ಅರ್ಥವಾಗದ್ದೇನೂ ಅದರಲ್ಲಿರಲಿಲ್ಲ.

ಬಂದೂಕು ಹಾಡಿನೊಳಗಷ್ಟೇ ಉಳಿಯಲಿಲ್ಲ. ವೈಬ್ಜ್ ಕಾರ್ಟೆಲ್ ಈ ತಲೆಮಾರಿನ ಅತ್ಯಂತ ಚತುರ ಮಾತುಗಾರ. ಕೊಲೆ ಪ್ರಕರಣದಲ್ಲಿ 2014ರಲ್ಲಿ ಶಿಕ್ಷೆಯಾಯಿತು. ಜಮೈಕಾದ ಕಟ್ಟಕಡೆಯ ನ್ಯಾಯಾಲಯ ಇವತ್ತಿಗೂ ಲಂಡನ್ನಿನ ಪ್ರಿವಿ ಕೌನ್ಸಿಲ್. ಜ್ಯೂರಿ ಸದಸ್ಯರೊಬ್ಬರ ಲಂಚದ ಆರೋಪದ ಹಿನ್ನೆಲೆಯಲ್ಲಿ ಅದು 2024ರ ಮಾರ್ಚ್‌ನಲ್ಲಿ ಆ ತೀರ್ಪನ್ನು ರದ್ದು ಮಾಡಿತು. ಜುಲೈ ಕೊನೆಗೆ ಕಾರ್ಟೆಲ್ ಹೊರಬಂದರು. ಆ ವರ್ಷದ ಡಿಸೆಂಬರ್ 31ರಂದು ಕಿಂಗ್‌ಸ್ಟನ್‌ನ ನ್ಯಾಷನಲ್ ಸ್ಟೇಡಿಯಂನಲ್ಲಿ ಹಾಡಿದರು.

ಟಿವೊಲಿ ಗಾರ್ಡನ್ಸ್ ಎಂಬ ಕೇರಿಯ ಅಂಚಿನಲ್ಲಿ 2003ರಿಂದ ಪ್ರತಿ ಬುಧವಾರ ರಾತ್ರಿ ‘ಪಾಸಾ ಪಾಸಾ’ ಎಂಬ ಬೀದಿ ಡ್ಯಾನ್ಸ್ ನಡೆಯುತ್ತಿತ್ತು. ಬೆಳಗಾಗುವವರೆಗೆ. ಶ್ರೀಮಂತರ ಬಡಾವಣೆಗಳ ಮಕ್ಕಳು, ಜಪಾನಿನ ಪ್ರವಾಸಿಗಳು ಕೂಡ ಬರುತ್ತಿದ್ದರು, ಯಾರ ಕೂದಲೂ ಕೊಂಕುತ್ತಿರಲಿಲ್ಲ. ಯಾಕೆಂದರೆ ಆ ಕೇರಿಯ ಭೂಗತ ದೊರೆ ಕ್ರಿಸ್ಟೋಫರ್ ಕೋಕ್. ಅಮೆರಿಕಕ್ಕೆ ಅವರನ್ನು ಒಪ್ಪಿಸಬೇಕೆಂದು 2010ರ ಮೇ ತಿಂಗಳಲ್ಲಿ ಸೇನೆ, ಪೊಲೀಸರು ನುಗ್ಗಿದಾಗ 70ಕ್ಕೂ ಹೆಚ್ಚು ಜನ ಸತ್ತರು. ಪಾಸಾ ಪಾಸಾ ಅಲ್ಲಿಗೆ ನಿಂತಿತು. ಆ ಬೀದಿಯ ನೆಮ್ಮದಿ ಯಾರ ಹಂಗಿನಲ್ಲಿತ್ತು ಎಂಬುದು ಕುಣಿದವರಿಗೆ ಗೊತ್ತಿರಲಿಲ್ಲವೆಂದಲ್ಲ.

ಇನ್ನು ಕಾನೂನು. 1997ರ ಸದ್ದು ನಿಯಂತ್ರಣ ಕಾಯ್ದೆಯ ಪ್ರಕಾರ ವಾರದ ದಿನಗಳಲ್ಲಿ ಮಧ್ಯರಾತ್ರಿಗೆ, ಶುಕ್ರವಾರ, ಶನಿವಾರದ ರಾತ್ರಿ ಎರಡು ಗಂಟೆಗೆ ಸ್ಪೀಕರ್ ನಿಲ್ಲಬೇಕು. ನಮ್ಮ ಹತ್ತು ಗಂಟೆಯ ನಿಯಮಕ್ಕೆ ಹೋಲಿಸಿದರೆ ಉದಾರ. ಆದರೆ ಜನ ಬರುವುದೇ ಹನ್ನೆರಡರ ಮೇಲೆ! ಸೌಂಡ್ ಮಾಲೀಕರದು, ಕೋಳಿ ಸುಡುವವರದು, ಕಡಲೆಕಾಯಿಯವರದು ಒಂದೇ ಗೋಳು: ಬೋಣಿ ಆಗುವ ಹೊತ್ತಿಗೆ ಪೊಲೀಸ್ ಜೀಪು. ನಿದ್ದೆಗೆಟ್ಟ ನೆರೆಯವರ ಗೋಳೂ ಸುಳ್ಳಲ್ಲ. ಗಣೇಶನ ಹಬ್ಬದ ವಾರ ನಮ್ಮ ಯಾವುದೇ ಊರಿನ ಠಾಣೆಯಲ್ಲಿ ಕೂತರೆ ಇದೇ ಎರಡು ಅರ್ಜಿಗಳು ಕಾಣುತ್ತವೆ.

ಬೇಲಿ ಹಾರಿದ ಸದ್ದು

ಕಿಂಗ್‌ಸ್ಟನ್‌ನಿಂದ 1967ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ಹೋದ ಕ್ಲೈವ್ ಕ್ಯಾಂಬೆಲ್ ಎಂಬ ಹುಡುಗ ‘ಕೂಲ್ ಹರ್ಕ್’ ಎಂಬ ಹೆಸರಿನಲ್ಲಿ 1973ರ ಆಗಸ್ಟ್ 11ರಂದು ದೊಡ್ಡ ಸ್ಪೀಕರ್ ಇಟ್ಟು ನಡೆಸಿದ ಪಾರ್ಟಿಯನ್ನು ಹಿಪ್‌ಹಾಪ್‌ನ ಹುಟ್ಟುಹಬ್ಬ ಎನ್ನುತ್ತಾರೆ. ಬಿಳಿಯರ ಕ್ಲಬ್ಬುಗಳು ಬಾಗಿಲು ಹಾಕಿದ್ದ ಲಂಡನ್ನಿನಲ್ಲಿ ಜಮೈಕನ್ನರು ನೆಲಮಾಳಿಗೆಗಳಲ್ಲಿ ಇದೇ ಪೆಟ್ಟಿಗೆಗಳನ್ನು ಕೂರಿಸಿದರು. ಶಬ್ಬಾ ರ್‍ಯಾಂಕ್ಸ್ 1990ರ ದಶಕದ ಆರಂಭದಲ್ಲಿ ಹಾಡಿದ ‘ಡೆಮ್ ಬೋ’ ಎಂಬ ಹಾಡಿನ ತಾಳ ಪನಾಮ, ಪೋರ್ಟೊರಿಕೊ ಸುತ್ತಿ ರೆಗ್ಗೆಟೋನ್ ಆಯಿತು. ‘ಡೆಸ್ಪಸಿತೊ’ ಕೇಳಿ ತಲೆದೂಗಿದ ನಮ್ಮವರು ತೂಗಿದ್ದು ಆ ತಾಳಕ್ಕೇ. ಅದರ ಮೂಲ ಮಟ್ಟು ಕಟ್ಟಿದ ಸ್ಟೀಲಿ ಮತ್ತು ಕ್ಲೀವಿ ಜೋಡಿಯ ಪರವಾಗಿ, ನೂರಕ್ಕೂ ಹೆಚ್ಚು ಕಲಾವಿದರ ಮೇಲೆ ಅಮೆರಿಕದ ನ್ಯಾಯಾಲಯದಲ್ಲಿ ದಾವೆ ನಡೆದಿದೆ.

ಭಾರತದ ಕಡೆಗೂ ಒಂದು ಕವಲು ಬಂತು. ಬರ್ಮಿಂಗ್‌ಹ್ಯಾಮಿನಲ್ಲಿ ಜಮೈಕನ್ನರ ನೆರೆಯಲ್ಲಿ ಬೆಳೆದ ಪಂಜಾಬಿ ಮೂಲದ ಸ್ಟೀವನ್ ಕಪೂರ್ ‘ಅಪಾಚೆ ಇಂಡಿಯನ್’ ಆಗಿ ಪಾತ್ವಾದ ಜೊತೆ ಪಂಜಾಬಿ ಬೆರೆಸಿ ಹಾಡಿದರು. 1996ರ ತಮಿಳು ಚಿತ್ರ ‘ಲವ್ ಬರ್ಡ್ಸ್’ಗೆ ಎ.ಆರ್. ರೆಹಮಾನ್ ಈ ಕಪೂರ್ ಅವರಿಂದ ಒಂದು ಹಾಡು ಹಾಡಿಸಿದರು. ಅದಕ್ಕೆ ಕುಣಿದವರು ಮೈಸೂರಿನಲ್ಲಿ ಹುಟ್ಟಿದ ಪ್ರಭುದೇವ.

ಕಿಂಗ್‌ಸ್ಟನ್‌ನ ಸ್ಟೀವನ್ ‘ಲೆಂಕಿ’ ಮಾರ್ಸ್‌ಡನ್ ಚಪ್ಪಾಳೆಯನ್ನೇ ಬೆನ್ನೆಲುಬಾಗಿಸಿ ಒಂದು ರಿಡಿಮ್ ಕಟ್ಟಿದರು. ಕರಾರು ಕೂಲಿಗಳು ದ್ವೀಪಕ್ಕೆ ಒಯ್ದಿದ್ದ ಹಬ್ಬದ ಹೆಸರನ್ನೇ ಅದಕ್ಕಿಟ್ಟರು: ‘ದಿವಾಲಿ’. ಅದರ ಮೇಲೆ ಶಾನ್ ಪಾಲ್ ಹಾಡಿದ ‘ಗೆಟ್ ಬಿಜಿ’ 2003ರ ಮೇ ತಿಂಗಳಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ನೆತ್ತಿಗೇರಿತು. ವೇಯ್ನ್ ವಂಡರ್ ಅವರ ‘ನೋ ಲೆಟಿಂಗ್ ಗೋ’, ಲುಮಿಡಿ ಅವರ ‘ನೆವರ್ ಲೀವ್ ಯು’ ಅದೇ ಮಟ್ಟಿನವು, ಅದೇ ಕಾಲದವು. ಮೂರನ್ನೂ ಒಂದರ ಹಿಂದೊಂದು ಹಾಕಿ, ಮಾತು ಬಿಟ್ಟು ಚಪ್ಪಾಳೆಯನ್ನಷ್ಟೇ ಹಿಂಬಾಲಿಸಿ ನೋಡಿ. ರಾತ್ರಿ ಹತ್ತು ದಾಟಿದ್ದರೆ ಇಯರ್‌ಫೋನ್ ಹಾಕಿಕೊಳ್ಳಿ.